‘ಇವಳು ಇವಳ ಹಾಗಿಲ್ಲ’: 26 ದಿನದ ಕೂಸಿನ ಒಂದು ರಾತ್ರಿ

ನಾನು ಮಕ್ಕಳ ವೈದ್ಯೆ. ಇದು ನಾನೇ ನೋಡಿದ ಒಂದು ಮಗುವಿನ ವಿಷಯ. ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಹೆಸರು, ಊರು ಬಿಟ್ಟಿದ್ದೇನೆ. ಒಂದೆರಡು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ಆದರೆ ಕಾಯಿಲೆ ಯಾವುದು, ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನುವುದು ನಡೆದ ಹಾಗೆಯೇ ಇದೆ. ಆ ರಾತ್ರಿ ತಪ್ಪಾದ ತೀರ್ಮಾನಗಳಲ್ಲಿ ಒಂದು ನನ್ನದು. ಅದನ್ನು ಮುಚ್ಚಿಟ್ಟು ಬರೆದರೆ ಯಾರಿಗೂ ಉಪಯೋಗವಿಲ್ಲ.

ಹಿನ್ನೆಲೆ

ಹೆಣ್ಣು ಮಗು. ಮನೆಗೆ ಮೊದಲನೆಯದು. ತಿಂಗಳು ತುಂಬಿ ಹುಟ್ಟಿದ್ದಳು, ಹುಟ್ಟಿದಾಗ 2.9 ಕೆ.ಜಿ. ಹೆರಿಗೆಯಲ್ಲಿ ತೊಂದರೆ ಆಗಿರಲಿಲ್ಲ. ಮೂರನೇ ವಾರ ತೂಕ ನೋಡಿದಾಗ 3.3 ಕೆ.ಜಿ. ಇದ್ದಳು. ಚೆನ್ನಾಗಿ ಬೆಳೆಯುತ್ತಿದ್ದ ಕೂಸು. ಪೂರ್ತಿ ಎದೆಹಾಲು, ದಿನಕ್ಕೆ ಒಂಬತ್ತು ಹತ್ತು ಸಲ. ಹಸಿವಾದರೆ ಮನೆ ಒಂದು ಮಾಡುತ್ತಿದ್ದಳು. ಬಟ್ಟೆ ಬಿಚ್ಚಿದರಂತೂ ಕೇಳುವುದೇ ಬೇಡ, ಪಕ್ಕದ ಮನೆಯವರಿಗೂ ಗೊತ್ತಾಗುತ್ತಿತ್ತು. ಈ ಕೊನೆಯ ಮಾತು ಮುಂದೆ ಬಹಳ ಮುಖ್ಯವಾಗುತ್ತದೆ.

ತಾಯಿಯ ಜೊತೆ ಅವರ ಅಮ್ಮ ಇದ್ದರು, ಮಕ್ಕಳನ್ನು ಸಾಕಿ ಬೆಳೆಸಿದವರು. ತಂದೆ ಕೆಲಸಕ್ಕೆ ಹೋಗಿ ಸಂಜೆ ಬರುತ್ತಿದ್ದರು. ತಾಯಿ 26 ರಾತ್ರಿಗಳಿಂದ ಸರಿಯಾಗಿ ಮಲಗಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿದ್ದೆಗೆಟ್ಟ ಮನೆಯಲ್ಲಿ ಮಗು ಸುಮ್ಮನೆ ಮಲಗಿದರೆ ಎಲ್ಲರಿಗೂ ಹಾಯೆನಿಸುತ್ತದೆ. ಅದು ಸಹಜ. ಅದಕ್ಕೆ ಯಾರನ್ನೂ ದೂರುವಂತಿಲ್ಲ.

ಆ ದಿನ

ಬೆಳಗ್ಗೆ ಮಗು ಎಂದಿಗಿಂತ ಸ್ವಲ್ಪ ತಡವಾಗಿ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಕುಡಿಯುವುದು ಕಡಿಮೆಯಾಗಿತ್ತು. ಬಾಯಿ ಹಾಕುತ್ತಿತ್ತು, ನಾಲ್ಕು ಸಲ ಚೀಪುತ್ತಿತ್ತು, ಹಾಗೇ ಕಣ್ಣು ಮುಚ್ಚುತ್ತಿತ್ತು. ಮೊದಲು ಇಪ್ಪತ್ತು ನಿಮಿಷ ಕುಡಿಯುತ್ತಿದ್ದ ಮಗು ಐದು ನಿಮಿಷಕ್ಕೆ ಬಿಡುತ್ತಿತ್ತು. ಸಂಜೆ ನಾಲ್ಕಕ್ಕೆ ಏಳಲೇ ಇಲ್ಲ.

ತಾಯಿ ಎಬ್ಬಿಸಲು ಹೋದಾಗ ಅಜ್ಜಿ ತಡೆದರು. “ಇವತ್ತಾದ್ರೂ ಮಲಗಿದೆ, ಎಬ್ಬಿಸಬೇಡ ಕಣೇ. ನೀನೂ ಸ್ವಲ್ಪ ಮಲಕ್ಕೋ.” ಪ್ರೀತಿಯಿಂದ ಹೇಳಿದ ಮಾತು. ತಾಯಿ ಮಲಗಿದರು.

ಆರು ಗಂಟೆಗೆ ಅವರಿಗೆ ಎಚ್ಚರವಾಗಿದ್ದು ಮಗುವಿನ ಅಳುವಿನಿಂದಲ್ಲ, ಎದೆ ನೋವಿನಿಂದ. ಎದೆ ಕಲ್ಲಿನಂತೆ ಬಿಗಿದಿತ್ತು, ಹಾಕಿಕೊಂಡಿದ್ದ ಬಟ್ಟೆ ಹಾಲಿನಿಂದ ನೆನೆದಿತ್ತು. “ಅಷ್ಟು ಹಾಲು ಉಳಿದಿದೆ ಅಂದ್ರೆ ಅವಳು ಕುಡಿದೇ ಇಲ್ಲ ಅಲ್ವಾ ಮೇಡಂ, ಆಗಲೇ ನಂಗೆ ಒಂಥರಾ ಆಯ್ತು” ಎಂದು ಆಮೇಲೆ ನನಗೆ ಹೇಳಿದರು. ನನ್ನ ಪ್ರಕಾರ ಈ ಪ್ರಕರಣದ ಮೊದಲ ಸುಳಿವು ಅದೇ. ಯಾವ ಥರ್ಮಾಮೀಟರೂ ಅದನ್ನು ತೋರಿಸುವುದಿಲ್ಲ. ಹಾಲೂಡಿಸುವ ತಾಯಿಗೆ ಮಾತ್ರ ಗೊತ್ತಾಗುವ ವಿಷಯ ಅದು.

ಅಲ್ಲಿಂದ ಮನೆಯಲ್ಲಿ ಒಂದೊಂದೇ ಪ್ರಯತ್ನ ಶುರುವಾಯಿತು. ಅಂಗಾಲು ಉಜ್ಜಿದರು, ಕಿವಿ ಸವರಿದರು. ಮಗು ಕಣ್ಣು ಬಿಟ್ಟು ಮತ್ತೆ ಮುಚ್ಚಿತು. ಹೊಟ್ಟೆನೋವಿರಬಹುದು ಅಂತ ಮನೆಯಲ್ಲಿದ್ದ ಹನಿಯೌಷಧಿ ಒಂದೆರಡು ಹನಿ ಹಾಕಿದರು. ಹಾಲು ಹಿಂಡಿ ಚಮಚದಲ್ಲಿ ಕೊಟ್ಟರು. ಅರ್ಧ ತುಟಿಯ ಪಕ್ಕದಿಂದ ಇಳಿದು ಕುತ್ತಿಗೆಗೆ ಹೋಯಿತು. ಕಾಲು ತಣ್ಣಗಿತ್ತು, ಇನ್ನೊಂದು ಹೊದಿಕೆ ಸುತ್ತಿದರು. ತಂದೆ ಕೆಲಸದಿಂದ ಬಂದವರು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರು. 36.3 ಡಿಗ್ರಿ. “ಜ್ವರ ಇಲ್ಲ” ಅಂದರು. ಎಲ್ಲರೂ ಉಸಿರು ಬಿಟ್ಟರು.

ಎಂಟು ಗಂಟೆಯ ಫೋನು

ರಾತ್ರಿ ಎಂಟಕ್ಕೆ ತಾಯಿ ನನಗೆ ಫೋನ್ ಮಾಡಿದರು. ದಿನದ ಕೆಲಸ ಮುಗಿಸಿ ಹೊರಟಿದ್ದೆ. ಮಗು ಸರಿಯಾಗಿ ಕುಡಿಯುತ್ತಿಲ್ಲ, ಜಾಸ್ತಿ ಮಲಗುತ್ತಿದೆ ಅಂದರು.

ನಾನು ಕೇಳಿದೆ: ಜ್ವರ ಇದೆಯಾ? ಇಲ್ಲ. ವಾಂತಿ? ಇಲ್ಲ, ಒಂದು ಸಲ ಸ್ವಲ್ಪ ಹಾಲು ಕಕ್ಕಿತು. ಭೇದಿ? ಇಲ್ಲ. ಕೆಮ್ಮು? ಇಲ್ಲ. ಜಾಸ್ತಿ ಅಳ್ತಿದೆಯಾ? ಇಲ್ಲ ಮೇಡಂ, ಅಳ್ತಾನೇ ಇಲ್ಲ.

ಎಲ್ಲ ಪ್ರಶ್ನೆಗೂ ‘ಇಲ್ಲ’ ಬಂದಿದ್ದಕ್ಕೆ ನನಗೆ ಸಮಾಧಾನವಾಯಿತು. “ಗಾಬರಿ ಬೇಡಮ್ಮ. ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡಿಸ್ತಾ ಇರಿ. ಬೆಳಗ್ಗೆ ಕರ್ಕೊಂಡು ಬನ್ನಿ, ನೋಡೋಣ” ಅಂದೆ.

ಅವರು “ಸರಿ ಮೇಡಂ” ಅಂದರು. ಆಮೇಲೆ ಸ್ವಲ್ಪ ತಡೆದು, “ಆದ್ರೆ ಯಾಕೋ ಇವಳು ಇವಳ ಹಾಗಿಲ್ಲ” ಅಂದರು. “ಬೆಳಗ್ಗೆ ನೋಡೋಣ” ಎಂದು ಫೋನ್ ಇಟ್ಟೆ.

ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ಕೇಳಿಸಲಿಲ್ಲ ಅಂತ ಹೇಳುವ ಹಾಗಿಲ್ಲ.

ನನ್ನ ಪ್ರಶ್ನೆಗಳನ್ನೇ ನೋಡಿ. ಜ್ವರ, ವಾಂತಿ, ಭೇದಿ, ಕೆಮ್ಮು, ಅಳು. ಇವು ಎರಡು ವರ್ಷದ ಮಗುವಿಗೆ ಕೇಳುವ ಪ್ರಶ್ನೆಗಳು. ಒಂದು ತಿಂಗಳೂ ಆಗದ ಕೂಸು ಹಾಗೆ ಕಾಯಿಲೆ ಬೀಳಬೇಕೆಂದಿಲ್ಲ. ಅದು ಬಹಳ ಸಲ ಸುಮ್ಮನೆ ಬಾಡುತ್ತದೆ. ‘ಅಳ್ತಾನೇ ಇಲ್ಲ’ ಅನ್ನುವ ಉತ್ತರವನ್ನು ನಾನು ಒಳ್ಳೆಯ ಸುದ್ದಿಗಳ ಸಾಲಿಗೆ ಸೇರಿಸಿದ್ದೆ.

36.3 ಅನ್ನುವ ಸಂಖ್ಯೆಯನ್ನೂ ನಾನು ಕೇಳಲಿಲ್ಲ. ‘ಜ್ವರ ಇಲ್ಲ’ ಅಂದರು, ಅಷ್ಟಕ್ಕೇ ಬಿಟ್ಟೆ. ಈ ವಯಸ್ಸಿನ ಕೂಸಿಗೆ ಕಂಕುಳಲ್ಲಿ 36.5ರಿಂದ 37.5 ಇರಬೇಕು. ಎರಡು ಹೊದಿಕೆ ಸುತ್ತಿದ ಮಗು 36.3 ಇದೆ ಅಂದರೆ ಅದು ‘ಜ್ವರ ಇಲ್ಲ’ ಅಲ್ಲ, ಮಗು ತಣ್ಣಗಾಗುತ್ತಿದೆ ಅಂತ ಅರ್ಥ. ಸಂಖ್ಯೆ ಕೇಳಿದ್ದರೆ ಬಹುಶಃ ಎಚ್ಚೆತ್ತುಕೊಳ್ಳುತ್ತಿದ್ದೆ.

ಎಂಟರಿಂದ ಎರಡರವರೆಗೆ

ಈ ಆರು ಗಂಟೆಗಳನ್ನು ನಾನು ಮನೆಯವರಿಂದ ಎರಡು ಮೂರು ಸಲ ಕೇಳಿ ತಿಳಿದುಕೊಂಡೆ. ಯಾಕೆಂದರೆ ನನ್ನ ಒಂದು ಮಾತು ಅಲ್ಲಿ ಏನು ಮಾಡಿತು ಅಂತ ನನಗೆ ಗೊತ್ತಾಗಬೇಕಿತ್ತು.

ಹತ್ತಕ್ಕೆ ಎಬ್ಬಿಸಿದರು, ಕುಡಿಯಲಿಲ್ಲ. ಹನ್ನೊಂದಕ್ಕೆ ಚಮಚದಲ್ಲಿ ಕೊಟ್ಟರು, ಹೊರಗೆ ಬಂತು. ತಂದೆ “ಹೋಗೋಣ್ವಾ?” ಅಂದರು. ತಾಯಿಗೂ ಹೋಗಬೇಕು ಅನಿಸಿತ್ತು. ಆದರೆ “ಡಾಕ್ಟ್ರೇ ಬೆಳಗ್ಗೆ ಅಂದಿದ್ದಾರಲ್ಲ, ಈಗ ಹೋದ್ರೆ ಏನಂತಾರೋ” ಎಂದು ಮೂವರೂ ಸುಮ್ಮನಾದರು. ಹನ್ನೆರಡೂವರೆಗೆ ಮತ್ತೆ ಅದೇ ಮಾತು, ಅದೇ ಉತ್ತರ.

ಅಂದರೆ ನಾನು ಫೋನ್ ಮಾಡದಿದ್ದರೂ, ಅಲ್ಲಿ ಇಲ್ಲದಿದ್ದರೂ, ಬಾಗಿಲಲ್ಲಿ ಅಡ್ಡ ನಿಂತಿದ್ದೆ. ತಾಯಿ ಫೋನ್ ಮಾಡದೇ ಇದ್ದಿದ್ದರೆ ಬಹುಶಃ ಹನ್ನೊಂದಕ್ಕೇ ಹೊರಡುತ್ತಿದ್ದರು. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ‘ಬೆಳಗ್ಗೆ ಬನ್ನಿ’ ಅನ್ನುವುದು ವೈದ್ಯರ ಬಾಯಿಯಲ್ಲಿ ಸಣ್ಣ ಮಾತು. ಮನೆಯಲ್ಲಿ ಅದು ಅಪ್ಪಣೆ.

ಎರಡು ಗಂಟೆಗೆ ತಾಯಿ ಡೈಪರ್ ಬದಲಿಸಲು ಕೂತರು. ಸಂಜೆ ಐದಕ್ಕೆ ಹಾಕಿದ ಡೈಪರ್. ಕೈಯಲ್ಲಿ ಹಿಡಿದರೆ ಹೊಸದರಷ್ಟೇ ಹಗುರ. ಒಳಗೆ ಮುಟ್ಟಿ ನೋಡಿದರು, ಒಣಗಿತ್ತು. ಒಂಬತ್ತು ಗಂಟೆ ಮಗು ಮೂತ್ರ ಮಾಡಿರಲಿಲ್ಲ. ಹತ್ತಿಯನ್ನು ನೀರಲ್ಲಿ ಅದ್ದಿ ಒರೆಸಿದರು. ದಿನವೂ ಈ ತಣ್ಣನೆ ಹತ್ತಿ ತಾಗಿದ ಕೂಡಲೇ ಮಗು ಕಾಲು ಮಡಚಿ, ಮುಖ ಕೆಂಪಾಗಿಸಿ ಚೀರುತ್ತಿತ್ತು. ಆ ದಿನ ಎಡಗಾಲು ಒಂಚೂರು ಅಲ್ಲಾಡಿತು, ಅಷ್ಟೇ. ತಂದೆ ಅದರ ಕೈ ಮೇಲೆತ್ತಿ ಬಿಟ್ಟರು. ಕೈ ಹಾಗೇ ಬಿತ್ತು.

ಆಗ ಮೊದಲು ಮಾತಾಡಿದವರು ಅಜ್ಜಿ. ಸಂಜೆ ‘ಎಬ್ಬಿಸಬೇಡ’ ಅಂದವರೇ. “ಇದು ನಿದ್ದೆ ಅಲ್ಲ. ಏಳಿ, ಹೋಗೋಣ. ಯಾರ್ ಏನಂದ್ರೂ ಅನ್ಲಿ.”

ಇಲ್ಲಿಂದ ಮುಂದೆ ಮನೆಯವರು ಮಾಡಿದ್ದೆಲ್ಲ ಸರಿ. ನನಗೆ ಮತ್ತೆ ಫೋನ್ ಮಾಡುತ್ತಾ ಕೂರಲಿಲ್ಲ. ಬಾಯಿಗೆ ಏನೂ ಹಾಕಲಿಲ್ಲ. ತಾಯಿ ಮಗುವನ್ನು ಮೈಗೆ ಮೈ ತಾಗುವಂತೆ ಎದೆಗೆ ಅವುಚಿಕೊಂಡು ಮೇಲೆ ಶಾಲು ಹೊದ್ದರು, ಮೂಗು ಬಾಯಿ ಮುಚ್ಚದಂತೆ ನೋಡಿಕೊಂಡರು. ತಣ್ಣಗಾದ ಕೂಸನ್ನು ದಾರಿಯಲ್ಲಿ ಬೆಚ್ಚಗಿಡಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ರಾತ್ರಿಯೂ ಮಕ್ಕಳನ್ನು ನೋಡುವ ಆಸ್ಪತ್ರೆಗೆ ನೇರವಾಗಿ ಬಂದರು.

ಆಸ್ಪತ್ರೆಯಲ್ಲಿ

ಡ್ಯೂಟಿಯಲ್ಲಿದ್ದ ವೈದ್ಯರು ಒಂದೇ ನೋಟಕ್ಕೆ ಮಗುವನ್ನು ಒಳಗೆ ತೆಗೆದುಕೊಂಡರು. ನನಗೆ ಕರೆ ಬಂತು, ನಾನೂ ಬಂದೆ. ಮೈ ಬಿಸಿ 35.2. ಉಸಿರು ನಿಮಿಷಕ್ಕೆ 66. ಚರ್ಮದ ಮೇಲೆ ಬಲೆ ಹಾಸಿದಂತೆ ನೀಲಿ ಗೆರೆಗಳು. ಎದೆಮೂಳೆಯ ಮೇಲೆ ಬೆರಳಿಟ್ಟು ಐದು ಸೆಕೆಂಡ್ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಕೆಂಪಾಗಲು ನಾಲ್ಕು ಸೆಕೆಂಡ್ ಬೇಕಾಯಿತು. ಆರೋಗ್ಯವಾಗಿರುವ ಮಗುವಿನಲ್ಲಿ ಇದು ಎರಡು ಮೂರು ಸೆಕೆಂಡಿನೊಳಗೆ ಆಗಬೇಕು. ಮೈಯಲ್ಲಿ ರಕ್ತ ಸರಿಯಾಗಿ ಹರಿಯುತ್ತಿಲ್ಲ ಅಂತ ಅದರ ಅರ್ಥ. ರಕ್ತದ ಸಕ್ಕರೆ 38ಕ್ಕೆ ಇಳಿದಿತ್ತು. ಹಾಲು ಹೋಗದೆ ಅಷ್ಟು ಹೊತ್ತು ಕಳೆದರೆ ಅಷ್ಟು ಚಿಕ್ಕ ಕೂಸಿನಲ್ಲಿ ಸಕ್ಕರೆ ಬೇಗ ಖಾಲಿಯಾಗುತ್ತದೆ.

ಬೆಚ್ಚಗಿಡುವುದು, ಗ್ಲೂಕೋಸ್, ಡ್ರಿಪ್, ರಕ್ತದ ಕಲ್ಚರ್ (ರೋಗಾಣು ಬೆಳೆಯುತ್ತದೆಯಾ ಅಂತ ನೋಡುವ ಪರೀಕ್ಷೆ), ಸಣ್ಣ ನಳಿಕೆ ಹಾಕಿ ತೆಗೆದ ಮೂತ್ರದ ಕಲ್ಚರ್, ಮೊದಲ ಗಂಟೆಯಲ್ಲೇ ಆ್ಯಂಟಿಬಯಾಟಿಕ್. ಈ ಕೆಲಸಗಳು ಒಂದರ ಹಿಂದೆ ಒಂದು ನಡೆದವು. ವಿವರಕ್ಕೆ ಹೋಗುವುದಿಲ್ಲ. ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆಯನ್ನು ಮಾತ್ರ ಮಗು ಸ್ವಲ್ಪ ಚೇತರಿಸಿಕೊಳ್ಳಲಿ ಎಂದು ಮರುದಿನಕ್ಕೆ ಇಟ್ಟುಕೊಂಡೆವು. ಅದರ ಹೆಸರು ಕೇಳಿದರೇ ಮನೆಯವರು ಹೆದರುತ್ತಾರೆ. ಇವರೂ ಹೆದರಿದರು. ಸೋಂಕು ಮೆದುಳಿನ ಪೊರೆಗೆ ಹೋಗಿದೆಯಾ ಅಂತ ತಿಳಿಯಲು ಅದೊಂದೇ ದಾರಿ, ಔಷಧಿ ಎಷ್ಟು ದಿನ ಬೇಕು ಅನ್ನುವುದೂ ಅದರ ಮೇಲೆ ನಿಂತಿದೆ ಅಂತ ಕೂತು ಹೇಳಿದೆವು, ಒಪ್ಪಿದರು. ನೀರು ತಿಳಿಯಾಗಿತ್ತು, ಸೋಂಕು ಅಲ್ಲಿಗೆ ಹೋಗಿರಲಿಲ್ಲ.

ಮೂತ್ರದಲ್ಲೂ ರಕ್ತದಲ್ಲೂ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಬೆಳೆಯಿತು. ಮೂತ್ರದ ಸೋಂಕು ರಕ್ತಕ್ಕೆ ಹರಡಿತ್ತು. ಹಸುಗೂಸುಗಳಲ್ಲಿ ಕಾಣುವ ಗಂಭೀರ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಮೂತ್ರದ ಸೋಂಕೇ ಹೆಚ್ಚು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಮಗು ‘ಉರಿಯುತ್ತಿದೆ’ ಅಂತ ಹೇಳುವುದಿಲ್ಲ. ಕುಡಿಯುವುದು ಬಿಡುತ್ತದೆ.

ಎರಡನೇ ದಿನ ಸಂಜೆ ನರ್ಸ್ ಕೈಯ ಪ್ಲಾಸ್ಟರ್ ಬದಲಿಸಲು ಎಳೆದಾಗ ಮಗು ಅತ್ತಿತು. ದನಿ ಇನ್ನೂ ಸಣ್ಣದಾಗಿತ್ತು, ಆದರೆ ಸಿಟ್ಟಿನ ಅಳು. ಹೊರಗೆ ಬೆಂಚಿನ ಮೇಲಿದ್ದ ತಾಯಿ ಎದ್ದು ನಿಂತರು. ಒಳಗೆ ಬೇರೆ ಮಕ್ಕಳೂ ಇದ್ದವು. ‘ನಮ್ಮವಳೇ’ ಅಂದರಂತೆ. ನಾಲ್ಕನೇ ದಿನ ಮೊದಲಿನಂತೆ ಎದೆಹಾಲು ಕುಡಿದಳು. ಒಟ್ಟು 14 ದಿನ ಆ್ಯಂಟಿಬಯಾಟಿಕ್ ಆಯಿತು. ಕಿಡ್ನಿ ಸ್ಕ್ಯಾನ್ ಸರಿಯಾಗಿತ್ತು. ಮನೆಗೆ ಹೋದಳು.

ಎಲ್ಲಿ ತಪ್ಪಿತು

ಜ್ವರ ಇಲ್ಲ ಅಂದರೆ ಕಾಯಿಲೆ ಇಲ್ಲ ಅಂತ ಮನೆಯವರೂ ನಂಬಿದ್ದರು, ಆ ಹೊತ್ತಿನಲ್ಲಿ ನಾನೂ ಹಾಗೇ ನಡೆದುಕೊಂಡೆ. ನಾನು ಓದಿದ್ದು ಬೇರೆ. ಎರಡು ತಿಂಗಳೊಳಗಿನ ಮಗುವಿಗೆ ಆಸ್ಪತ್ರೆ ಬೇಕೇ ಎಂದು ಯಾವ ಚಿಹ್ನೆಗಳಿಂದ ತಿಳಿಯುತ್ತದೆ ಅಂತ ಆರು ದೇಶಗಳಲ್ಲಿ 8 ಸಾವಿರಕ್ಕೂ ಹೆಚ್ಚು ಕೂಸುಗಳನ್ನು ನೋಡಿ ಮಾಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಗಿತ್ತು. ಅದರಿಂದ ಉಳಿದದ್ದು ಏಳೇ ಚಿಹ್ನೆ. ಸರಿಯಾಗಿ ಕುಡಿಯದಿರುವುದು. ಫಿಟ್ಸ್. ಮುಟ್ಟಿ ಅಲ್ಲಾಡಿಸಿದರೆ ಮಾತ್ರ ಕೈಕಾಲು ಆಡಿಸುವುದು. ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು. ಉಸಿರೆಳೆದಾಗ ಎದೆಯ ಕೆಳಭಾಗ ಗುಳಿ ಬೀಳುವಂತೆ ಒಳಗೆ ಹೋಗುವುದು. 37.5 ಅಥವಾ ಅದಕ್ಕಿಂತ ಹೆಚ್ಚು ಜ್ವರ. ಮತ್ತು 35.5ಕ್ಕಿಂತ ಕೆಳಗೆ ತಣ್ಣಗಾಗುವುದು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಕಾರ್ಯಕರ್ತರಿಗೆ ಕಲಿಸುವುದೂ ಹೆಚ್ಚುಕಡಿಮೆ ಇದನ್ನೇ. ಇವುಗಳಲ್ಲಿ ಒಂದು ಇದ್ದರೂ ಸಾಕು, ಮಗುವನ್ನು ತಡಮಾಡದೆ ಕರೆದೊಯ್ಯಬೇಕು.

ಈ ಮಗುವಿಗೆ ಸಂಜೆ ಆರಕ್ಕೇ ಒಂದು ಇತ್ತು. ಎಂಟಕ್ಕೆ ಬಹುಶಃ ಎರಡು. ನಾನು ಕೇಳಿದ ಐದು ಪ್ರಶ್ನೆಗಳಲ್ಲಿ ಈ ಪಟ್ಟಿಗೆ ಸೇರಿದ್ದು ಜ್ವರ ಒಂದೇ. ಕುಡಿಯುತ್ತಿಲ್ಲ ಅಂತ ತಾಯಿ ಕೇಳದೆಯೇ ಹೇಳಿದ್ದರು.

ಕುಡಿಯುವುದಕ್ಕೆ ಯಾಕೆ ಇಷ್ಟು ಬೆಲೆ ಅಂದರೆ, ಕೂಸು ಮಾಡುವ ಅತಿ ಕಷ್ಟದ ಕೆಲಸ ಅದೇ. ಚೀಪಬೇಕು, ನುಂಗಬೇಕು, ನಡುವೆ ಉಸಿರಾಡಬೇಕು, ಇದನ್ನು ಇಪ್ಪತ್ತು ನಿಮಿಷ ಬಿಡದೆ ಮಾಡಬೇಕು. ನಾವು ಮೆಟ್ಟಿಲು ಹತ್ತಿದ ಹಾಗೆ. ಮೈಯಲ್ಲಿ ಏನೇ ಹದ ತಪ್ಪಿದರೂ, ಸೋಂಕಾಗಲಿ, ಹೃದಯದ ತೊಂದರೆಯಾಗಲಿ, ಉಸಿರಿನ ತೊಂದರೆಯಾಗಲಿ, ಮೊದಲು ಕೈಬಿಡುವುದು ಆ ಕೆಲಸವನ್ನೇ. ಹೃದಯ ತೊಂದರೆ ಇರುವ ಕೂಸು ಕುಡಿಯುವಾಗ ಹಣೆಯಲ್ಲಿ ಬೆವರುತ್ತದೆ. ಇದನ್ನೂ ತಾಯಂದಿರೇ ಮೊದಲು ನೋಡುವುದು.

ಇನ್ನೊಂದು ತಪ್ಪು ‘ಬೆಳಗ್ಗೆ ಬನ್ನಿ’ ಅಂದದ್ದು. ಬೆಳಗ್ಗೆ ಅನ್ನುವುದೇ ತಪ್ಪಲ್ಲ. ಅದರ ಜೊತೆ ‘ಅಷ್ಟರೊಳಗೆ ಹೀಗಾದರೆ ಕಾಯಬೇಡಿ’ ಅನ್ನುವುದು ಇರಲಿಲ್ಲ. ಇದ್ದಿದ್ದರೆ ಹನ್ನೊಂದಕ್ಕೆ ಚಮಚದ ಹಾಲು ಹೊರಗೆ ಬಂದಾಗಲೇ ಅವರು ಹೊರಟಿರುತ್ತಿದ್ದರು. ನನ್ನ ಲೆಕ್ಕದಲ್ಲಿ ಮೂರು ಗಂಟೆ ಉಳಿಯುತ್ತಿತ್ತು. ರಕ್ತದ ಸೋಂಕಿನಲ್ಲಿ ಮೂರು ಗಂಟೆ ಸಣ್ಣ ಹೊತ್ತಲ್ಲ.

ಅಜ್ಜಿಯ ಬಗ್ಗೆ ಒಂದು ಮಾತು. ಇಂಥ ಘಟನೆ ಆದ ಮೇಲೆ ಮನೆಯಲ್ಲಿ ಯಾರಾದರೊಬ್ಬರ ತಲೆಗೆ ತಪ್ಪು ಕಟ್ಟುತ್ತಾರೆ. ಇಲ್ಲೂ ಎರಡನೇ ದಿನ ಅದು ಶುರುವಾಗುವುದರಲ್ಲಿತ್ತು. ನಾನು ಮೂವರನ್ನೂ ಕೂರಿಸಿ, ತಪ್ಪು ನನ್ನ ಪ್ರಶ್ನೆಯಲ್ಲಿತ್ತು ಅಂತ ಹೇಳಿದೆ. ಅಜ್ಜಿ ಸಂಜೆ ಹೇಳಿದ್ದು ಎಲ್ಲ ಅಜ್ಜಿಯರೂ ಹೇಳುವ ಮಾತು. ಎರಡು ಗಂಟೆಗೆ ಹೇಳಿದ್ದನ್ನು ಎಲ್ಲರೂ ಹೇಳುವುದಿಲ್ಲ. ತನ್ನ ಮಾತನ್ನು ತಾನೇ ಬಿಟ್ಟುಕೊಟ್ಟು ‘ಇದು ನಿದ್ದೆ ಅಲ್ಲ’ ಅಂದರಲ್ಲ, ಮಗು ಉಳಿದದ್ದು ಅದರಿಂದ.

ಈಗ ಏನು ಕೇಳುತ್ತೇನೆ

ನನ್ನ ಫೋನಿನ ಪ್ರಶ್ನೆಗಳು ಬದಲಾಗಿವೆ. ಮೊದಲು ವಯಸ್ಸು, ದಿನಗಳಲ್ಲಿ. ಆಮೇಲೆ, ನಿನ್ನೆ ಎಷ್ಟು ಸಲ ಕುಡಿದಿತ್ತು, ಇವತ್ತು ಎಷ್ಟು ಸಲ? ಅರ್ಧಕ್ಕಿಂತ ಕಡಿಮೆಯಾಗಿದೆಯಾ? ಕೊನೆಯ ಸಲ ಮೂತ್ರ ಯಾವಾಗ? ಮೊದಲ ವಾರ ದಾಟಿದ ಕೂಸು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಬೇಕು. ಆರೆಂಟು ಗಂಟೆ ಡೈಪರ್ ಒಣಗಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಥರ್ಮಾಮೀಟರ್ ಎಷ್ಟು ತೋರಿಸಿತು? ‘ಇದೆ, ಇಲ್ಲ’ ಬೇಡ, ಸಂಖ್ಯೆ ಹೇಳಿ ಅನ್ನುತ್ತೇನೆ.

ಆಮೇಲೆ ಫೋನ್ ಇಡದೆ ಒಂದು ಕೆಲಸ ಮಾಡಿಸುತ್ತೇನೆ. “ಈಗ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ. ನಾನು ಕಾಯ್ತೀನಿ.” ಬಟ್ಟೆ ಬಿಚ್ಚಿದಾಗ ಮಗು ಎದ್ದು ಅತ್ತರೆ ಆ ಅಳು ನನಗೂ ಕೇಳಿಸುತ್ತದೆ. ಅಳದಿದ್ದರೆ ಅದೂ ಕೇಳಿಸುತ್ತದೆ. ಬಟ್ಟೆ ಬಿಚ್ಚಿದ ಮೇಲೆ ಎದೆ ಹೊಟ್ಟೆ ಕಾಣುತ್ತದೆ. ಆಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಲು ಹೇಳುತ್ತೇನೆ. ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಐದಾರು ಸೆಕೆಂಡ್ ನಿಂತು, ಆಮೇಲೆ ಬೇಗ ಬೇಗ ಎಳೆದುಕೊಳ್ಳುತ್ತವೆ. ಅದಕ್ಕೇ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. 60 ಅಥವಾ ಮೇಲೆ ಬಂದರೆ ಇನ್ನೊಮ್ಮೆ ಎಣಿಸಬೇಕು. ಮತ್ತೆ ಅಷ್ಟೇ ಬಂದರೆ ಹೊರಡಬೇಕು. ಉಸಿರು 20 ಸೆಕೆಂಡ್ ನಿಂತರೆ, ತುಟಿ ನೀಲಿಯಾದರೆ, ಪ್ರತಿ ಉಸಿರಿಗೂ ನರಳುವ ಸದ್ದು ಬಂದರೆ ಎಣಿಸುವುದೂ ಬೇಡ.

ಹಸಿರು ವಾಂತಿಯಾಗಿದೆಯಾ ಅಂತ ಬೇರೆಯಾಗಿ ಕೇಳುತ್ತೇನೆ. ಹಾಲು ಕಕ್ಕುವುದು ಬೇರೆ, ಎಲೆ ಹಸಿರು ಬಣ್ಣದ ವಾಂತಿ ಬೇರೆ. ಕರುಳು ತಿರುಚಿಕೊಂಡಿದ್ದರೆ ಹಾಗಾಗುತ್ತದೆ, ಆಗ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ನೆತ್ತಿ ಉಬ್ಬಿದೆಯಾ ಅಥವಾ ಗುಳಿ ಬಿದ್ದಿದೆಯಾ ಅಂತಲೂ ಮುಟ್ಟಿ ನೋಡಿಸುತ್ತೇನೆ.

ಜ್ವರದ ವಿಷಯದಲ್ಲಿ ವಯಸ್ಸೇ ಎಲ್ಲ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಬಂದರೆ, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100.4, ಮಗು ಎಷ್ಟೇ ಚೆನ್ನಾಗಿ ಕಂಡರೂ ಆಗಲೇ ವೈದ್ಯರು ನೋಡಬೇಕು. ಎರಡು ತಿಂಗಳೊಳಗಿದ್ದರೆ ಕಂಕುಳಲ್ಲಿ 37.5 ಬಂದರೂ ತಡಮಾಡಬಾರದು. ಪ್ಯಾರಾಸಿಟಮಾಲ್ ಹಾಕಿ ಇಳಿಯುತ್ತಾ ನೋಡೋಣ ಅನ್ನುವುದು ಈ ವಯಸ್ಸಿಗೆ ಅಲ್ಲವೇ ಅಲ್ಲ. ಜ್ವರ ಇಳಿಯುತ್ತದೆ, ಸೋಂಕು ಒಳಗೇ ಬೆಳೆಯುತ್ತಿರುತ್ತದೆ. ಹೊದಿಕೆ ಜಾಸ್ತಿಯಾಗಿ ಬಿಸಿಯಾಗಿರಬಹುದು ಅನಿಸಿದರೆ ಬಟ್ಟೆ ಕಡಿಮೆ ಮಾಡಿ ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ನೋಡಬಹುದು, ಅಷ್ಟೇ.

ಇದನ್ನೆಲ್ಲ ಓದಿ ಹೊಸ ತಾಯಂದಿರು ಪ್ರತಿ ಸೀನಿಗೂ ಓಡಬೇಕು ಅಂತಲ್ಲ. ಸೀನು, ಬಿಕ್ಕಳಿಕೆ, ಕಕ್ಕಸು ಮಾಡುವಾಗ ಮುಖ ಕೆಂಪಾಗಿಸಿ ತಿಣುಕುವುದು, ಕುಡಿದ ಮೇಲೆ ಸ್ವಲ್ಪ ಮೊಸರಿನಂಥ ಹಾಲು ಕಕ್ಕುವುದು, ಕೆನ್ನೆಯ ಮೇಲೆ ಸಣ್ಣ ಗುಳ್ಳೆ, ಮೈಯೆಲ್ಲ ಬೆಚ್ಚಗಿದ್ದು ಕೈಕಾಲು ಮಾತ್ರ ತಣ್ಣಗಿರುವುದು, ಇವುಗಳಿಗೆ ಸುಮ್ನೆ ಹೆದರಬೇಡಿ. ಮಗು ಎಂದಿನಂತೆ ಕುಡಿಯುತ್ತಿದ್ದರೆ, ಎಂದಿನಂತೆ ಅಳುತ್ತಿದ್ದರೆ ಇವು ಬಂದು ಹೋಗುತ್ತವೆ. ಎಂದಿನಂತೆ ಅನ್ನುವುದೇ ಇಲ್ಲಿ ಅಳತೆಗೋಲು. ಅದು ನನ್ನ ಹತ್ತಿರ ಇಲ್ಲ, ಮನೆಯವರ ಹತ್ತಿರ ಇದೆ. ನಾನು ಮಗುವನ್ನು ತಿಂಗಳಿಗೊಮ್ಮೆ ನೋಡುವವಳು. ‘ಇವಳು ಇವಳ ಹಾಗಿಲ್ಲ’ ಅನ್ನುವುದು ನನಗೆ ಹೇಗೆ ಗೊತ್ತಾಗಬೇಕು? ಆ ಮಾತು ಕೇಳಿದರೆ ಈಗ ನಾನು ‘ಬೆಳಗ್ಗೆ’ ಅನ್ನುವುದಿಲ್ಲ. ಬೆಳಗ್ಗೆ ಅಂದರೂ ಏನೇನಾದರೆ ಕಾಯಬಾರದು ಅಂತ ಹೇಳಿ, ಅವರ ಬಾಯಿಂದಲೇ ವಾಪಸ್ ಹೇಳಿಸುತ್ತೇನೆ.

ಬಂದು, ನೋಡಿಸಿ, ‘ಏನಿಲ್ಲ’ ಅಂತ ಹೇಳಿಸಿಕೊಂಡು ವಾಪಸ್ ಹೋದವರು ಎಷ್ಟೋ ಜನ. “ಸುಮ್ನೆ ತೊಂದ್ರೆ ಕೊಟ್ವಿ ಮೇಡಂ” ಅನ್ನುತ್ತಾರೆ. ತೊಂದರೆ ಅಂತ ನನಗೆ ಒಂದು ದಿನವೂ ಅನಿಸಿಲ್ಲ. ಆ ಮುಜುಗರವೇ ಈ ಮನೆಯವರನ್ನು ಹನ್ನೊಂದರಿಂದ ಎರಡರವರೆಗೆ ಕೂರಿಸಿದ್ದು.

ಏಳು ತಿಂಗಳಾದಾಗ

ಅದೇ ತಾಯಿ ಮತ್ತೊಂದು ರಾತ್ರಿ ಫೋನ್ ಮಾಡಿದರು. ನಾನು ಕೇಳುವ ಮೊದಲೇ ಶುರು ಮಾಡಿದರು. “ಮೇಡಂ, 39.1 ಇದೆ. ಬೆಳಗ್ಗೆಯಿಂದ ಆರು ಸಲ ಹಾಲು ಕುಡಿದಿದ್ದಾಳೆ, ನಿನ್ನೆ ಏಳು. ಉಚ್ಚೆ ಒಂದು ಗಂಟೆ ಹಿಂದೆ ಮಾಡಿದ್ಲು. ಉಸಿರು ಒಂದು ನಿಮಿಷ ಎಣಿಸ್ದೆ, 38 ಬಂತು. ಬಟ್ಟೆ ಬಿಚ್ಚಿದ್ದಕ್ಕೆ ಕಿರುಚ್ತಿದಾಳೆ, ಕೇಳಿಸ್ತಿದೆಯಾ?”

ಕೇಳಿಸುತ್ತಿತ್ತು. ಜ್ವರ ಜಾಸ್ತಿಯೇ ಇತ್ತು. ಆದರೆ ಏಳು ತಿಂಗಳ ಮಗು, ಕುಡಿಯುತ್ತಿದೆ, ಮೂತ್ರ ಮಾಡುತ್ತಿದೆ, ಸಿಟ್ಟು ಮಾಡುತ್ತಿದೆ. ಈ ವಯಸ್ಸಿಗೆ ನಿಮಿಷಕ್ಕೆ 50ರ ಕೆಳಗಿನ ಉಸಿರು ಸರಿ. “ಇವಳು ಇವಳ ಹಾಗೇ ಇದ್ದಾಳಾ?” ಎಂದು ಕೇಳಿದೆ. “ಹೂಂ ಮೇಡಂ, ಬಿಸಿ ಇದ್ದಾಳೆ, ಆದ್ರೆ ಇವಳೇ” ಅಂದರು.

ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಹೇಳಿದೆ. ರಾತ್ರಿ ಓಡಿ ಬರುವುದು ಬೇಡ, ಆದರೆ ಹಿಂದೆ ಮೂತ್ರದ ಸೋಂಕು ಆಗಿರುವುದರಿಂದ ಬೆಳಗ್ಗೆ ಮೂತ್ರ ಪರೀಕ್ಷೆಗೆ ಬರಲೇಬೇಕು ಅಂದೆ. ಒಂದು ಸಲ ಸೋಂಕಾದ ಮಗುವಿಗೆ ಕಾರಣ ಕಾಣದ ಜ್ವರ ಬಂದರೆ ಅದನ್ನು ನೋಡದೆ ಬಿಡಬಾರದು. ಕುಡಿಯುವುದು ಅರ್ಧಕ್ಕಿಳಿದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರು 50 ಮುಟ್ಟಿದರೆ, ನಿಮಗೆ ಸರಿ ಅನಿಸದಿದ್ದರೆ, ನನಗೆ ಫೋನ್ ಮಾಡಬೇಡಿ, ನೇರ ಹೊರಡಿ ಅಂದೆ. ಅವರು ಅದನ್ನು ನನಗೇ ವಾಪಸ್ ಹೇಳಿದರು. ಅವರ ಹಿಂದಿನಿಂದ ಅಜ್ಜಿ ‘ಇನ್ನೊಂದ್ಸಲ ಕೇಳು, ಎಷ್ಟು ಮುಟ್ಟಿದ್ರೆ?’ ಅನ್ನುತ್ತಿದ್ದದ್ದು ಕೇಳಿಸುತ್ತಿತ್ತು.

ಬೆಳಗ್ಗೆ ಬಂದರು. ಮೂತ್ರ ಚೆನ್ನಾಗಿತ್ತು. ಅಷ್ಟು ಹೊತ್ತಿಗೆ ಮಗುವಿನ ಮೂಗು ಸೋರಲು ಶುರುವಾಗಿತ್ತು. ಮೂರನೇ ದಿನ ಜ್ವರ ಬಿಟ್ಟಿತು.